ಎಫ್127 ಜೆಲ್ ಸೂಜಿಯಿಂದ ನೀರಿನ ಹಾಗೆ ಸುರೀತಿದೆ, ಮೂರನೇ ವಾರ

ಸೂಜಿಮೊನೆ_ಮೈಸೂರು:
ತಲೆ ಕೆಟ್ಟು ಕೆರ ಹಿಡಿದಿದೆ. ಎಂಡರ್ 3 ಅನ್ನೋ 3ಡಿ ಪ್ರಿಂಟರ್‌ಗೆ, ಜೆಲ್ ತಳ್ಳೋ ಸಿರಿಂಜ್ ಎಕ್ಸ್‌ಟ್ರೂಡರ್ ಕಟ್ಟಿ, ಪ್ಲುರಾನಿಕ್ ಎಫ್127 ಜೆಲ್ ತುಂಬಿದ್ದೀನಿ, 20 ಪರ್ಸೆಂಟ್. 22 ಗೇಜ್ ಸೂಜಿ. ಎಲೆ ನರದ ತರ ಗೆರೆ ಪ್ರಿಂಟ್ ಮಾಡಿ, ಮೇಲೆ ಸಿಲಿಕೋನ್ ಸುರಿದು, ಅದು ಗಟ್ಟಿಯಾದ ಮೇಲೆ ಫ್ರಿಜ್‌ನಲ್ಲಿಟ್ರೆ ಜೆಲ್ ನೀರಾಗಿ ಹೊರಗೆ ಬಂದು ಒಳಗೆ ಟೊಳ್ಳು ಕಾಲುವೆ ಉಳೀಬೇಕು. ಆದ್ರೆ ಮೊದಲ ಪದರಕ್ಕೇ ಗಾಜಿನ ಮೇಲೆ ಗಂಜಿ ಚೆಲ್ಲಿದ ಹಾಗಾಗುತ್ತೆ. ಹೋದ ಭಾನುವಾರ ಒಂದೇ ಒಂದು ಸಲ ಸುಮಾರಾಗಿ ಬಂತು, ಅದೇ ಫೈಲ್. ಸೆಟ್ಟಿಂಗ್ ಎಲ್ಲ ಸರಿ ಇದೆ, ಅದನ್ನ ಕೇಳ್ಬೇಡಿ.

ಕ್ಲಿಪ್ಪರ್_ಕುವೆಂಪುನಗರ:
ಒತ್ತಡ ಸರಿದೂಗಿಸೋ ಪ್ರೆಶರ್ ಅಡ್ವಾನ್ಸ್ ಸೆಟ್ಟಿಂಗ್ ಸರ್, ಇನ್ನೇನೂ ಅಲ್ಲ. ಮೋಟರ್ ನಿಂತ್ರೂ ಸಿರಿಂಜ್ ಒಳಗೆ ಒತ್ತಡ ಉಳಿದಿರುತ್ತೆ, ಸೋರ್ತಾನೇ ಇರುತ್ತೆ.

ಸೂಜಿಮೊನೆ_ಮೈಸೂರು:
ಗೆರೆ ಮುಗಿಯೋ ಕಡೆ ಮಾತ್ರ ಅಲ್ಲ, ಉದ್ದಕ್ಕೂ ಹರಡ್ತಿದೆ.

ಕ್ಲಿಪ್ಪರ್_ಕುವೆಂಪುನಗರ:
ಅದನ್ನೇ ನಾನು ಹೇಳ್ತಿರೋದು. ಪ್ರಿಂಟರ್ ನಡೆಸೋ ಮಾರ್ಲಿನ್ ಸಾಫ್ಟ್‌ವೇರ್ ಬಿಸಾಕಿ, ಅದರ ಬದಲು ಕ್ಲಿಪ್ಪರ್ ಹಾಕಿ. ನಂದು ರಾಸ್ಪ್‌ಬೆರಿ ಪೈ ಮೇಲೆ ಕ್ಲಿಪ್ಪರ್, ಲೀನಿಯರ್ ರೈಲ್, ಕ್ಯಾಮೆರಾ ಎಲ್ಲ ಇದೆ. ಫೋಟೋ ಹಾಕ್ಲಾ?

ಬೆಡ್_ಲೆವೆಲ್_ಭಟ್ರು:
ಇವ್ರಿಗೆ ನೆಗಡಿ ಆದ್ರೂ ಕ್ಲಿಪ್ಪರೇ ಔಷಧಿ. ಸೂಜಿಮೊನೆಯವರೇ, ತಣ್ಣಗಿದ್ರೂ ಓಡ್ಸು ಅನ್ನೋ ಎಂ302 ಪಿ1 ಕಮಾಂಡ್ ಕೊಟ್ಟಿದ್ದೀರಾ? ಇಲ್ದಿದ್ರೆ ಮಾರ್ಲಿನ್ ತಣ್ಣಗಿದೆ ಅಂತ ಎಕ್ಸ್‌ಟ್ರೂಡರನ್ನೇ ಓಡ್ಸಲ್ಲ.

ಆಲೆಮನೆ_ಮಂಡ್ಯ:
ಭಟ್ರೇ, ಓಡದೇ ಇದ್ರೆ ಸುರಿಯೋದು ಹೆಂಗೆ? ಅವರ ಕಷ್ಟವೇ ಸುರಿಯೋದು.
ಅಣ್ಣ, ಎರಡೇ ಪ್ರಶ್ನೆ. ಎಷ್ಟು ಗಂಟೆಗೆ ಪ್ರಿಂಟ್ ಮಾಡ್ತೀಯ? 20 ಪರ್ಸೆಂಟ್ ಅಂದ್ಯಲ್ಲ, ತೂಕ ಹೆಂಗೆ ಹಾಕ್ದೆ?

ಸೂಜಿಮೊನೆ_ಮೈಸೂರು:
ಬೆಳಗ್ಗೆ ಐದೂವರೆಗೆ, ಶಿಫ್ಟ್‌ಗೆ ಹೋಗೋ ಮುಂಚೆ. ಭಾನುವಾರದ್ದು ಮಾತ್ರ ಮಧ್ಯಾಹ್ನ. 100 ಎಂಎಲ್ ನೀರಿಗೆ 20 ಗ್ರಾಂ ಪುಡಿ. ಗಂಟೆಗೂ ಇದಕ್ಕೂ ಏನು ಸಂಬಂಧ?

ಆಲೆಮನೆ_ಮಂಡ್ಯ:
ಸಂಬಂಧ ಇರೋದೇ ಅಲ್ಲಿ ಕಣಣ್ಣ. ನಮ್ಮ ಕಡೆ ಬೆಲ್ಲದ ಪಾಕ ಆರಿದ್ರೆ ಗಟ್ಟಿ, ಇದು ಪೂರ್ತಿ ಉಲ್ಟಾ. ಎಫ್127ರ ಅಣು ಅಂದ್ರೆ ಉದ್ದ ಸರಪಳಿ, ಅದರ ಎರಡು ತುದಿ ನೀರನ್ನ ಇಷ್ಟಪಡ್ತವೆ. ಮಧ್ಯದ ತುಂಡು ತಣ್ಣಗಿದ್ದಾಗ ಸುಮ್ನಿದ್ದು, ಬೆಚ್ಚಗಾದ ಕೂಡ್ಲೇ ನೀರು ಬೇಡ ಅನ್ನುತ್ತೆ. ಆಗ ಸರಪಳಿಗಳೇ ಗುಂಪು ಕಟ್ಕೊಂಡು ಮಿಸೆಲ್ ಅನ್ನೋ ಉಂಡೆ ಆಗ್ತವೆ, ಇದಕ್ಕೇ ತಾನಾಗೇ ಜೋಡಣೆ ಅನ್ನೋದು. ಉಂಡೆಗಳು ಸಂತೆ ಕಿತ್ತಳೆ ರಾಶಿ ತರ ಒತ್ತಾಗಿ ಕೂತ್ರೇನೇ ಜೆಲ್. ಕೂರೋಷ್ಟು ಉಂಡೆ ಬೇಕು, ಸೆಕೆನೂ ಬೇಕು.
ನಿನ್ನ ಲೆಕ್ಕದಲ್ಲಿ 120 ಗ್ರಾಂಗೆ 20 ಗ್ರಾಂ, ಅಂದ್ರೆ 16.7 ಪರ್ಸೆಂಟ್. 20 ಅಲ್ಲ. ಪ್ರಿಂಟ್‌ಗೆ 20ಏ ಸಾಲದು, 25ರಿಂದ 30 ಇಟ್ಕೋ. ಅದ್ರ ಮೇಲೆ ಚಳಿಗಾಲದ ಬೆಳಗ್ಗೆ! ಬಾಟಲಿ ತಲೆಕೆಳಗು ಮಾಡಿ ನೋಡು.

ಸೂಜಿಮೊನೆ_ಮೈಸೂರು:
ಮಾಡ್ದೆ. ರೂಮು 21 ಡಿಗ್ರಿ. ಮಜ್ಜಿಗೆ ತರ ದಡಬಡ ಇಳೀತು. ಅಂಗೈಯಲ್ಲಿ ಬಿಗಿಯಾಗಿ ಹಿಡ್ಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಗಾಜಿಗೆ ತಾಗಿದ್ದ ಅಂಚಷ್ಟೇ ಮಂದ ಆಯ್ತು, ನಡುಭಾಗ ಇನ್ನೂ ಅಲ್ಲಾಡ್ತಿದೆ.

ಕ್ಲಿಪ್ಪರ್_ಕುವೆಂಪುನಗರ:
ಪ್ರೆಶರ್ ಅಡ್ವಾನ್ಸೂ ಇರಬಹುದು ಅಂತ ಈಗ್ಲೂ ಹೇಳ್ತೀನಿ.

ಬೆಡ್_ಲೆವೆಲ್_ಭಟ್ರು:
ತಾನಾಗೇ ಜೋಡಣೆ ಅಂತೆಲ್ಲ ದೊಡ್ಡ ಮಾತು ಯಾಕೆ, ಮನೇಲಿ ಹೆಪ್ಪು ಹಾಕಲ್ವಾ?

ಆಲೆಮನೆ_ಮಂಡ್ಯ:
ಮೊಸರನ್ನ ಫ್ರಿಜ್‌ನಲ್ಲಿಟ್ರೆ ವಾಪಸ್ ಹಾಲಾಗುತ್ತಾ ಭಟ್ರೇ? ಇದು ವಾಪಸ್ ಆಗುತ್ತೆ, ಅಣ್ಣಂಗೆ ಬೇಕಾಗಿರೋದೂ ಅದೇ.

ಸೂಜಿಮೊನೆ_ಮೈಸೂರು:
ಮೂರು ದಿನ ಆದ್ಮೇಲೆ. 70 ಗ್ರಾಂ ತಣ್ಣೀರಿಗೆ 30 ಗ್ರಾಂ ಪುಡಿ ಉದುರಿಸಿ, ಕದಡಿ, ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟೆ. ಅಮ್ಮ ಎಳನೀರು ಅಂದ್ಕೊಂಡು ಲೋಟಕ್ಕೆ ಬಗ್ಗಿಸೋದ್ರಲ್ಲಿದ್ರು. ಈಗ ಬೆಳಗ್ಗೆ ಐದೂವರೆಗೂ ಬಾಟಲಿ ಬೋರಲು ಹಾಕಿದ್ರೆ ಒಂದು ಹನಿ ಇಳಿಯಲ್ಲ. ನಾಲ್ಕು ಪದರ ನಿಂತಿದೆ! ಆದ್ರೆ ಜೆಲ್ ತುಂಬ ಗುಳ್ಳೆ, ಗೆರೆ ನಡುನಡುವೆ ಕಟ್ ಆಗ್ತಿದೆ.

ಆಲೆಮನೆ_ಮಂಡ್ಯ:
ತಣ್ಣಗೆ ನೀರಾಗಿದ್ದಾಗಲೇ ಸಿರಿಂಜಿಗೆ ತುಂಬಿ, ಮೂತಿ ಮುಚ್ಚಿ, ಫ್ರಿಜ್‌ನಲ್ಲೇ ನಿಲ್ಸಿಡು. ಗುಳ್ಳೆ ಮೇಲಕ್ಕೆ ಬರ್ತವೆ, ಆಮೇಲೆ ಗಾಳಿ ತಳ್ಳು. ಜೆಲ್ ಆದ್ಮೇಲೆ ಗುಳ್ಳೆ ಅಲ್ಲೇ ಸಿಕ್ಕಾಕೊಳ್ತವೆ.

ಕ್ಲಿಪ್ಪರ್_ಕುವೆಂಪುನಗರ:
ಫ್ರಿಜ್ ಯಾಕೆ? ನಾನು ಹಳೇ ಸೈಕಲ್ ಚಕ್ರಕ್ಕೆ ಸಿರಿಂಜ್ ಕಟ್ಟಿ ತಿರುಗಿಸ್ತೀನಿ. ಫೋಟೋ ಹಾಕ್ತೀನಿ, ತಾಳಿ.

ಬೆಡ್_ಲೆವೆಲ್_ಭಟ್ರು:
ಚಕ್ರಕ್ಕೂ ಕ್ಲಿಪ್ಪರ್ ಹಾಕಿದ್ದೀರಾ?