ಪದಚರ್ಚೆ: ಬಿಡಿಭಾಗಗಳ ಮಾರಾಟದಲ್ಲಿ ‘ಒರಿಜಿನಲ್’ ಯಾವುದು, ‘ಡೂಪ್ಲಿಕೇಟ್’ ಯಾವುದು?

ಪ್ರಶ್ನೆ: ಕಾರಿನ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ), ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಒಂದಾಗಿರುವ ಸಸ್ಪೆನ್ಷನ್ ಭಾಗ), ಅಲಾಯ್ ಚಕ್ರ ಇತ್ಯಾದಿಗಳನ್ನು ಆನ್‌ಲೈನ್‌ನಲ್ಲಿ ಮಾರುವವರು ಕನ್ನಡದಲ್ಲಿ ವಿವರ ಬರೆಯುವಾಗ ‘ಒರಿಜಿನಲ್’, ‘ಡೂಪ್ಲಿಕೇಟ್’ ಎಂಬೆರಡು ಪದಗಳಲ್ಲೇ ಮಾತು ಮುಗಿಸುತ್ತಾರೆ. ಬೇರೆ ತಯಾರಕರದಾಗಿ, ಆಮೇಲೆ ಕೊಂಡು ಹಾಕಿಸುವ ‘ಆಫ್ಟರ್‌ಮಾರ್ಕೆಟ್’ ಭಾಗಕ್ಕೆ ಏನೆನ್ನಬೇಕು? ‘ಹಳೆಯ’ ಸರಿಯೋ, ‘ಬಳಸಿದ’ ಸರಿಯೋ?

ಉತ್ತರ: ತೊಡಕಿರುವುದು ‘ಒರಿಜಿನಲ್’ನಲ್ಲಿ. ಕಾರಿನ ಜೊತೆಗೇ ಬಂದದ್ದು ಎಂಬುದು ಅದರ ಒಂದು ಅರ್ಥ, ನಕಲಿಯಲ್ಲ ಎಂಬುದು ಇನ್ನೊಂದು. ‘ಒರಿಜಿನಲ್ ಬ್ರೆಂಬೊ ಕ್ಯಾಲಿಪರ್’ (ಬ್ರೆಂಬೊ ಎಂಬ ಕಂಪನಿಯ ಬ್ರೇಕ್ ಭಾಗ) ಎಂದು ಓದಿದವನಿಗೆ ಅದು ಕಾರ್ಖಾನೆಯಲ್ಲೇ ಆ ಕಾರಿಗೆ ಹಾಕಿದ್ದೋ, ಆಮೇಲೆ ಕೊಂಡು ಹಾಕಿಸಿದ ಅಸಲಿ ಬ್ರೆಂಬೊ ಕಿಟ್ಟೋ ತಿಳಿಯುವುದಿಲ್ಲ. ಮೊದಲನೆಯದಕ್ಕೆ ‘ಕಂಪನಿ ಫಿಟಿಂಗ್’, ಎರಡನೆಯದಕ್ಕೆ ‘ಅಸಲಿ ಆಫ್ಟರ್‌ಮಾರ್ಕೆಟ್’ ಎಂದು ಬರೆದರೆ ಗೊಂದಲವಿಲ್ಲ. ಒಇಎಂ (ಮೂಲ ಉಪಕರಣ ತಯಾರಕ) ಮೂರನೆಯದು: ಕಾರು ಕಂಪನಿಗೆ ಪೂರೈಸುವ ತಯಾರಕನದೇ ಭಾಗ, ಎಷ್ಟೋ ಸಲ ಅವನದೇ ಪೆಟ್ಟಿಗೆಯಲ್ಲಿ ಬರುತ್ತದೆ. ‘ಡೂಪ್ಲಿಕೇಟ್’ ಅನ್ನು ಬೇರೆಯವರ ಹೆಸರು ಅಚ್ಚೊತ್ತಿದ ಮೋಸದ ಮಾಲಿಗೆ ಮಾತ್ರ ಮೀಸಲಿಡಬೇಕು. ಗ್ಯಾರೇಜಿನ ಮಾತಿನಲ್ಲಿ ಕಂಪನಿಯದಲ್ಲದ್ದೆಲ್ಲ ಡೂಪ್ಲಿಕೇಟೇ; ತನ್ನ ಹೆಸರಿನಲ್ಲೇ ಒಳ್ಳೆಯ ಭಾಗ ಮಾಡುವವನಿಗೆ ಇದು ಅನ್ಯಾಯ. ಆಫ್ಟರ್‌ಮಾರ್ಕೆಟ್‌ಗೆ ‘ಹೊರತಯಾರಿ’ ಎಂದು ಕಟ್ಟಬಹುದು, ಆದರೆ ಕೊಳ್ಳುವವನು ಹುಡುಕುವುದು ಆ ಪದವನ್ನಲ್ಲ. ಇದ್ದದ್ದನ್ನೇ ಉಳಿಸಿಕೊಳ್ಳಿ.

‘ಹಳೆಯ’, ‘ಬಳಸಿದ’ ಎರಡೂ ಬೇಕು, ಒಂದರ ಬದಲು ಇನ್ನೊಂದಲ್ಲ. ಹೊಸ ಕಾರಿನಿಂದ 200 ಕಿಲೋಮೀಟರಿಗೇ ಬಿಚ್ಚಿದ ಸ್ಪ್ರಿಂಗ್ ಬಳಸಿದ್ದು, ಹಳೆಯದಲ್ಲ. ಗೋದಾಮಿನಲ್ಲೇ ಕೂತ ಟೈರ್ ಬಳಸಿದ್ದಲ್ಲ, ಆದರೆ ಹಳೆಯದು. ರಬ್ಬರ್ ಗಟ್ಟಿಯಾಗಿ ಹಿಡಿತ ತಪ್ಪಿರುತ್ತದೆ. ಅದರ ಪಕ್ಕೆಯ ಮೇಲಿನ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕೆ 2319 ಎಂದಿದ್ದರೆ ತಯಾರಾದದ್ದು 2019ರ 23ನೇ ವಾರ. ಆ ಅಂಕೆಯ ಚಿತ್ರವನ್ನೇ ಹಾಕಿಬಿಡಿ.

‘ರೀಕಂಡೀಷನ್’ ಎಂಬುದನ್ನು ಒಂಟಿಯಾಗಿ ಬಿಡಬೇಡಿ. ತೊಳೆದು ಬಣ್ಣ ಹೊಡೆದದ್ದಕ್ಕೂ ಅದೇ ಪದ, ಬೇರಿಂಗ್, ಸೀಲ್ ಬದಲಿಸಿ ಬ್ಯಾಲೆನ್ಸ್ ಮಾಡಿಸಿದ್ದಕ್ಕೂ ಅದೇ. ಏನೇನು ಬದಲಾಗಿದೆ ಎಂದು ಬರೆಯಿರಿ.

‘ಕೂರುತ್ತದೆ’ ಎಂಬ ಕ್ರಿಯಾಪದ ಇನ್ನೂ ಅಪಾಯದ್ದು. 5×112 ಚಕ್ರವನ್ನು (ಐದು ಬೋಲ್ಟ್ ರಂಧ್ರ, ಅವು ನಿಂತ ವೃತ್ತದ ವ್ಯಾಸ 112 ಮಿ.ಮೀ.) 5×114.3 ಹಬ್ಬಿಗೆ, ಅಂದರೆ ಚಕ್ರವನ್ನು ಬಿಗಿಯುವ ನಡುಭಾಗಕ್ಕೆ, ತಳ್ಳಿ ಕೂರಿಸುವವರಿದ್ದಾರೆ. ನಟ್ಟು ಓರೆಯಾಗಿ ಕಚ್ಚಿ ಓಡಾಟದಲ್ಲಿ ಸಡಿಲಾಗುತ್ತದೆ. ನಡುರಂಧ್ರ ಹಬ್ಬಿಗಿಂತ ದೊಡ್ಡದಿದ್ದರೆ ಉಂಗುರ ಬೇಕು, ಚಿಕ್ಕದಿದ್ದರೆ ಚಕ್ರ ಒಳಗೇ ಹೋಗದು. ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ಅಂತರ) ಕಡಿಮೆಯಾದಷ್ಟೂ ಚಕ್ರ ಹೊರಚಾಚುತ್ತದೆ, ಹೆಚ್ಚಾದರೆ ಒಳಬದಿಯ ಸಸ್ಪೆನ್ಷನ್ ಸ್ಟ್ರಟ್ಟಿಗೆ ತಾಗಬಹುದು. ಹಾಗಾಗಿ ‘ಕೂರುತ್ತದೆ’ ಎನ್ನುವ ಬದಲು ಪಿಸಿಡಿ (ಬೋಲ್ಟ್ ವೃತ್ತದ ವ್ಯಾಸ), ನಡುರಂಧ್ರ, ಅಗಲ, ಆಫ್‌ಸೆಟ್ ನಾಲ್ಕನ್ನೂ ಅಂಕಿಯಲ್ಲಿ ಕೊಡಿ.

ಟರ್ಬೊ ಮಾರುವವರ ‘ಪ್ಲೇ ಇಲ್ಲ’ ಎಂಬ ಮಾತೂ ಪೂರ್ತಿಯಲ್ಲ. ‘ಅಲುಗಾಟ’ ಎನ್ನಿ, ಯಾವ ದಿಕ್ಕಿನದೆಂದೂ ಹೇಳಿ. ಜರ್ನಲ್ ಬೇರಿಂಗಿನ (ಎಣ್ಣೆಯ ಪದರದ ಮೇಲೆ ಶಾಫ್ಟ್ ತಿರುಗುವ) ಟರ್ಬೊದಲ್ಲಿ ಎಣ್ಣೆಯ ಪದರ ಇಲ್ಲದಾಗ ಶಾಫ್ಟ್ ಅಡ್ಡಕ್ಕೆ ತುಸು ಅಲುಗುವುದು ಸಹಜ. ರೆಕ್ಕೆಯ ತುದಿ ಹೌಸಿಂಗ್‌ಗೆ ಉಜ್ಜಿದ ಗುರುತಿದ್ದರೆ ಸಹಜವಲ್ಲ. ಉದ್ದಕ್ಕೆ ಎಳೆದಾಗ ಕೈಗೆ ಚೆನ್ನಾಗಿ ಗೊತ್ತಾಗುವಷ್ಟು ಸರಿದರೆ ಶಾಫ್ಟ್ ಉದ್ದಕ್ಕೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಸವೆದಿದೆ ಎಂದೇ ಎಣಿಸಿ, ‘ರಿಪೇರಿಗೆ ಮಾತ್ರ’ ಎಂದು ಶೀರ್ಷಿಕೆಯಲ್ಲೇ ಹಾಕಿ.