ಪುನರ್ಪುಳಿ ಮರದ ತುಂಬಾ ಹೂ, ಕಾಯಿ ಮಾತ್ರ ಒಂದೂ ಇಲ್ಲ

ತೋಟದಮೂಲೆ (ಪುತ್ತೂರು)
ನಮಸ್ಕಾರ. ತೋಟದ ಬದಿಯಲ್ಲಿ ಬೀಜದಿಂದ ಎದ್ದ ಪುನರ್ಪುಳಿ (ಮುರುಗಲು, ಕೋಕಂ) ಮರ ಇದೆ, ವಯಸ್ಸು 9 ವರ್ಷ. ಡಿಸೆಂಬರ್ ಬಂತೆಂದರೆ ಕೊಂಬೆ ತುಂಬಾ ಹೂ. ಆಮೇಲೆ ಎಲ್ಲ ಉದುರಿಹೋಗುತ್ತದೆ. ಗೊಬ್ಬರದಂಗಡಿಯವರು ಹೇಳಿದರೆಂದು ಬೋರಾನ್ ಸಿಂಪಡಿಸಿದೆ, ನೀರೂ ಬಿಟ್ಟೆ. ಪ್ರಯೋಜನ ಇಲ್ಲ. ಅಪ್ಪ ಕಡಿದುಬಿಡು ಅಂತಿದ್ದಾರೆ.

ಇನ್ನೊಂದು ವಿಷಯ. ನರ್ಸರಿಯಿಂದ ತಂದ ಕಸಿ ಗಿಡ ಮೇಲೆ ಏಳುವುದೇ ಇಲ್ಲ, ಅಡ್ಡಡ್ಡ ಹರಡುತ್ತಿದೆ. ಬುಡದಿಂದ ಒಂದು ಚಿಗುರು ಮಾತ್ರ ನೆಟ್ಟಗೆ ಬಂದಿದೆ. ಅದನ್ನೇ ಬೆಳೆಸಲಾ?

ಕಸಿಕತ್ತಿ (ಸಿದ್ದಾಪುರ)
ಬೋರಾನ್ ನಿಲ್ಲಿಸಿ, ಸುಮ್ನೆ ದುಡ್ಡು ದಂಡ. ಪುನರ್ಪುಳಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಗಿಡಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡೇ ಆಗುತ್ತವೆ. ಹೂ ಬರುವವರೆಗೆ ನೋಡಿ ಹೇಳಲು ಬರುವುದಿಲ್ಲ.

ಒಂದು ಹೂ ಬಿಡಿಸಿ ನೋಡಿ. ಗಂಡು ಹೂ ಎಲೆಯ ಕಂಕುಳಲ್ಲಿ ಗೊಂಚಲಾಗಿ ಬರುತ್ತದೆ, ನಡುವೆ ಕೇಸರಗಳ ಗುಂಪು ಬಿಟ್ಟರೆ ಬೇರೇನಿಲ್ಲ. ಹೆಣ್ಣು ಹೂ ಸಾಮಾನ್ಯವಾಗಿ ಒಂಟಿ. ನಡುವೆ ಬಟಾಣಿಯಂಥ ಹಸಿರು ಗುಂಡು, ಅದರ ತಲೆಯ ಮೇಲೆ ಸೀಳುಸೀಳಾದ ಮುಚ್ಚಳ. ಹೂ ಉದುರಿದರೂ ಆ ಗುಂಡು ಮರದಲ್ಲೇ ಉಳಿದು ಕಾಯಿ ಆಗಬೇಕು.

ಕಸಿ ಗಿಡಕ್ಕೆ ರೋಗ ಏನಿಲ್ಲ. ಪಕ್ಕದ ಕೊಂಬೆಯಿಂದ ಕಡ್ಡಿ ತೆಗೆದು ಕಸಿ ಕಟ್ಟಿದರೆ ಗಿಡ ಜೀವಮಾನವಿಡೀ ಪಕ್ಕಕ್ಕೇ ಹೋಗುತ್ತದೆ. ಕೋಲು ಕಟ್ಟಿದರೂ ಮರದ ಆಕಾರ ಬರಲ್ಲ. ಆದರೆ ಫಸಲು ಕೊಡುತ್ತದೆ, ಕೈಗೆಟುಕುವ ಎತ್ತರದಲ್ಲಿ ಕೊಯ್ಯಬಹುದು, ಅದೇನು ಕಡಿಮೆ ಲಾಭವೇ? ನೆಟ್ಟಗೆ ಬಂದ ಚಿಗುರು ಕಸಿ ಗಂಟಿನ (ಕಡ್ಡಿ ಸೇರಿಸಿದ ಜಾಗ) ಕೆಳಗಿದೆಯಾ, ಮೇಲಿದೆಯಾ? ಅದನ್ನು ಮೊದಲು ಹೇಳಿ.

ತೋಟದಮೂಲೆ
ಹೂ ನೋಡಿದೆ ಅಣ್ಣ. ಎಲ್ಲ ಗೊಂಚಲು, ಗುಂಡು ಎಲ್ಲೂ ಇಲ್ಲ. ಚಿಗುರು ಗಂಟಿನ ಕೆಳಗೆ. ಚೆನ್ನಾಗಿ ದಪ್ಪ ಆಗಿದೆ.

ಕಸಿಕತ್ತಿ
ಹಾಗಾದರೆ ಆ ಚಿಗುರನ್ನು ಇವತ್ತೇ ಬುಡಸಮೇತ ತೆಗೆಯಿರಿ. ಅದು ಕಸಿಯದ್ದಲ್ಲ, ಕೆಳಗಿನ ಬೀಜದ ಗಿಡದ್ದು. ಬಿಟ್ಟರೆ ಮೇಲಿನ ಕಸಿಯನ್ನು ಸೊರಗಿಸಿ ತಾನು ಬೆಳೆಯುತ್ತದೆ. ನಾಳೆ ಅದೂ ಗಂಡಾದರೆ ಏನು ಮಾಡ್ತೀರಿ?

ದೊಡ್ಡ ಮರ ಕಡಿಯಬೇಡಿ. 9 ವರ್ಷದ ಬೇರು ಸುಮ್ಮನೆ ಸಿಗುತ್ತದಾ? ಮಳೆಗೆ ಮುಂಚೆ ಮೇಲಿನ ಕೊಂಬೆಗಳನ್ನು ಸವರಿ ತೆಗೆಯಿರಿ. ಕೆಳಗೆ ಒಂದೆರಡು ಕೊಂಬೆ ಎಲೆಸಮೇತ ಇರಲಿ, ಮರಕ್ಕೆ ಉಸಿರಾಡಲು. ಹೊಸ ಚಿಗುರು ಪೆನ್ಸಿಲ್ ಗಾತ್ರಕ್ಕೆ ಬಂದಾಗ, ಗಾಳಿಯಲ್ಲಿ ತೇವ ಇರುವಾಗಲೇ, ಸೀಳು ಕಸಿ ಕಟ್ಟಿ, ಅಂದರೆ ಚಿಗುರಿನ ತುದಿ ಕತ್ತರಿಸಿ, ಸೀಳಿ, ಅದರೊಳಗೆ ಕಡ್ಡಿ ಕೂರಿಸಿ. ಕಡ್ಡಿ ಒಳ್ಳೆ ಫಸಲಿನ ಹೆಣ್ಣು ಮರದ್ದಾಗಬೇಕು, ಅದರಲ್ಲೂ ನೆಟ್ಟಗೆ ಏರುವ ತುದಿಯದ್ದು. ಅಂಥ ಚಿಗುರು ಒಂದು ಮರದಲ್ಲಿ ಸಿಗುವುದೇ ಕಡಿಮೆ. ಟೇಪು ಬಿಗಿಯಾಗಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕೊಟ್ಟೆಯ ಟೋಪಿ ಹಾಕಿ. ಚಿಗುರು ಒಡೆದ ಮೇಲೆ ಟೋಪಿ ತೆಗೆಯಿರಿ.

ಹೊಳೆಬದಿ (ಹೊನ್ನಾವರ)
ನಡುವೆ ಬಾಯಿ ಹಾಕ್ತೇನೆ. ಕೆಳಗೆ ಬಿಟ್ಟ ಕೊಂಬೆಗಳಲ್ಲಿ ಒಂದನ್ನು ಗಂಡಾಗಿಯೇ ಉಳಿಸಿಕೊಳ್ಳಿ. ಹತ್ತಿರದಲ್ಲಿ ಬೇರೆ ಗಂಡು ಮರ ಇಲ್ಲದಿದ್ದರೆ ಪರಾಗಕ್ಕೆ ಬೇಕಾಗುತ್ತದೆ. ಹೊಸದಾಗಿ ನೆಡುವುದಾದರೆ ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತ ತಳಿ ವಿಚಾರಿಸಿ. ಬೀಜದಿಂದಲೇ ಮಾಡುವ ಹಟ ಇದ್ದರೆ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಿ. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜ ಮೊಳೆಯಲ್ಲ, ಅದು ಮುರುಗಲು ತುಪ್ಪ (ಬೀಜದ ಕೊಬ್ಬು) ತೆಗೆಯಲಿಕ್ಕೆ ಸರಿ.

ತೋಟದಮೂಲೆ
ಚಿಗುರು ತೆಗೆದಾಯ್ತು. ಅಪ್ಪ ಕತ್ತಿ ಒಳಗಿಟ್ಟರು, ಆದರೆ ಎರಡು ವರ್ಷ ಅಷ್ಟೇ ಗಡುವು ಅಂತೆ. ಅಷ್ಟರಲ್ಲಿ ಕಾಯಿ ಬರುತ್ತದಾ?

ಕಸಿಕತ್ತಿ
ಹೊಸ ಕಸಿ ಗಿಡಕ್ಕೇ ನಾಲ್ಕೈದು ವರ್ಷ ಬೇಕು. ನಿಮ್ಮದು ಹಳೇ ಬೇರು, ಬೇಗ ಬರಬಹುದು. ಆದರೂ ಇನ್ನೊಂದು ವರ್ಷ ಜಾಸ್ತಿ ಕೇಳಿಕೊಳ್ಳಿ.