ಲಾರಿ ಹೊರಡುವಾಗಲೂ ನಿಂತ ಮೇಲೂ ‘ಧಡ್’ ಎಂಬ ಏಟು: ಹೌಸಿಂಗ್ ಬಿಚ್ಚಿಸಲೇಬೇಕೆ?

ಬ್ಯಾಡಗಿಯ ಲಾರಿ ಮಾಲಕ

ನಮ್ಮದು ಆರು ಗಾಲಿಯ ಲಾರಿ. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಹುಬ್ಬಳ್ಳಿಗೆ ಹೋಗುತ್ತದೆ, ಬರುವಾಗ ಸಿಕ್ಕ ಬಾಡಿಗೆ. ಇತ್ತೀಚೆಗೆ ಮೊದಲನೇ ಗೇರಿನಲ್ಲಿ ಕ್ಲಚ್ ಬಿಡುತ್ತಿದ್ದಂತೆ ಅಡಿಯಿಂದ ‘ಧಡ್’ ಎಂದು ಒಂದೇ ಏಟು ಕೇಳುತ್ತದೆ. ನಿಲ್ಲುವಾಗಿನದು ಇನ್ನೂ ವಿಚಿತ್ರ. ಬ್ರೇಕ್ ಹಿಡಿದು ಲಾರಿ ಪೂರ್ತಿ ನಿಂತಿರುತ್ತದೆ. ಅರೆಗಳಿಗೆ ಬಿಟ್ಟು ಹಿಂದಿನಿಂದ ಯಾರೋ ಗುದ್ದಿದಂತಾಗುತ್ತದೆ. ಬಂಕಾಪುರ ಟೋಲಿನ ಸಾಲಿನಲ್ಲಿ ಚಾಲಕ ಯಾವುದೋ ಗಾಡಿ ತಾಗಿತೆಂದೇ ತಿಳಿದು ಇಳಿದು ನೋಡಿದ. ಹಿಂದಿನ ಗಾಡಿ ದೂರದಲ್ಲಿಯೇ ಇತ್ತು. ಹೆದ್ದಾರಿಯಲ್ಲಿ ಓಡುವಾಗ ಯಾವ ತಕರಾರೂ ಇಲ್ಲ.

ಊರಿನ ಗ್ಯಾರೇಜಿನಲ್ಲಿ ಹೌಸಿಂಗ್ (ಹಿಂದಿನ ಆಕ್ಸಲ್ಲಿನ ಗೇರುಗಳಿರುವ ಗೂಡು) ಬಿಚ್ಚಿ ಒಳಗಿನ ಕ್ರೌನ್ ಪಿನಿಯನ್ ಹಲ್ಲುಗಾಲಿಗಳ ಜೋಡಿ ಬದಲಿಸಬೇಕು ಎನ್ನುತ್ತಿದ್ದಾರೆ. ಅಷ್ಟು ಹಣ ಸುರಿಯುವ ಮೊದಲು ನಾವೇ ನೋಡಬಹುದಾದದ್ದು ಏನಾದರೂ ಇದೆಯೇ? ಮೆಣಸಿನಕಾಯಿ ಸುಗ್ಗಿ ನಡೆದಿದೆ. ಈಗ ಗಾಡಿ ನಿಂತರೆ ಕಂತು ಕಟ್ಟುವುದೇ ಕಷ್ಟ. ಬಲ್ಲವರು ದಯವಿಟ್ಟು ತಿಳಿಸಿ.

ಗದಗದ ಚಾಲಕ

ಕ್ಲಚ್ ಪ್ಲೇಟ್ ನೋಡಿಸಿ. ನಮ್ಮ ಗಾಡಿಯೂ ಹೊರಡುವಾಗ ಗಡಗಡ ನಡುಗುತ್ತಿತ್ತು. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗಿತ್ತು. ಸೀಲ್, ಪ್ಲೇಟ್ ಎರಡನ್ನೂ ಹೊಸದಾಗಿ ಹಾಕಿದ ಮೇಲೆ ಸರಿಹೋಯಿತು.

ಹುಬ್ಬಳ್ಳಿಯ ಮಿಸ್ತ್ರಿ, ಗಬ್ಬೂರು ಬೈಪಾಸ್

ಮಾಲಕರೇ, ಸದ್ಯಕ್ಕೆ ಹೌಸಿಂಗಿಗೆ ಯಾರಿಂದಲೂ ಪಾನಾ ಹಚ್ಚಿಸಬೇಡಿ.

ಗದಗದ ಅಣ್ಣನವರು ಹೇಳಿದ್ದು ಇರುವ ದೋಷವೇ, ಆದರೆ ಅದು ನಡುಕ. ಕ್ಲಚ್ ಕೆಟ್ಟ ಗಾಡಿ ಅದುರುತ್ತಾ ಹೊರಡುತ್ತದೆ. ನಿಮ್ಮದು ಒಂದೇ ಏಟು, ಅದೂ ನಿಂತ ಮೇಲೆ. ನೀವು ಬರೆದ ಆ ಅರೆಗಳಿಗೆಯೇ ನನಗೆ ಮುಖ್ಯವಾಗಿ ಕಾಣುತ್ತದೆ.

ಎಂಜಿನ್ ಎಳೆಯುವಾಗ ಹಿಂದಿನ ಆಕ್ಸಲ್ ಅಲುಗಾಡದೆ ಕೂತಿರುವುದಿಲ್ಲ. ಗಾಲಿ ಮುಂದಕ್ಕೆ ತಿರುಗಿದರೆ ಹೌಸಿಂಗಿನ ಮೂಗು ಮೇಲೇಳುತ್ತದೆ, ಪಾಟಾ, ಅಂದರೆ ಲೀಫ್ ಸ್ಪ್ರಿಂಗ್, ತಿರುಚಿಕೊಳ್ಳುತ್ತದೆ. ಬ್ರೇಕ್ ಹಿಡಿದಾಗ ಅದೇ ಮೂಗು ಕೆಳಕ್ಕೆ ಬಾಗುತ್ತದೆ. ಆಗೆಲ್ಲ ಗೇರ್ ಬಾಕ್ಸಿಗೂ ಹೌಸಿಂಗಿಗೂ ನಡುವಿನ ಅಂತರ ತುಸು ಹೆಚ್ಚು ಕಡಿಮೆಯಾಗುತ್ತದೆ. ಅದಕ್ಕೆಂದೇ ಇವೆರಡನ್ನೂ ಕೂಡಿಸುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಸ್ಲಿಪ್ ಜಾಯಿಂಟ್ ಇಟ್ಟಿರುವುದು. ಒಂದರ ಹಲ್ಲುಗಳು ಇನ್ನೊಂದರ ಕಾಲುವೆಯಲ್ಲಿ ಜಾರುತ್ತಾ ಶಾಫ್ಟ್ ಉದ್ದವೂ ಆಗುತ್ತದೆ, ಗಿಡ್ಡವೂ ಆಗುತ್ತದೆ. ಗ್ರೀಸ್ ಒಣಗಿದರೆ ಆ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಗಾಡಿ ನಿಂತ ಮೇಲೆ ಪಾಟಾ ತನ್ನ ಜಾಗಕ್ಕೆ ಮರಳಲು ಒತ್ತುತ್ತದೆ, ಹಲ್ಲು ಬಿಡುವುದಿಲ್ಲ. ಒತ್ತಡ ಏರಿ ಏರಿ ಕಡೆಗೆ ಒಮ್ಮೆಲೇ ಜಾರುತ್ತದೆ. ನಿಮ್ಮ ಚಾಲಕನನ್ನು ಕೆಳಗಿಳಿಸಿದ ಏಟು ಬಹುಶಃ ಅದೇ.

ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ ಮಾಡಿ. ಸಮತಟ್ಟಾದ ಖಾಲಿ ಜಾಗದಲ್ಲಿ ನಿಧಾನವಾಗಿ ಬಂದು ಒಮ್ಮೆ ಗೇರಿನಲ್ಲಿಟ್ಟು ನಿಲ್ಲಿಸಿ, ಇನ್ನೊಮ್ಮೆ ನ್ಯೂಟ್ರಲ್ ಮಾಡಿ ನಿಲ್ಲಿಸಿ. ನ್ಯೂಟ್ರಲ್‌ನಲ್ಲಿ ಏಟು ಹೋದರೆ ಅಥವಾ ಬಹಳ ಕಡಿಮೆಯಾದರೆ ಶಾಫ್ಟಿನ ಕಡೆ ನೋಡಿ. ಎರಡರಲ್ಲೂ ಅಷ್ಟೇ ಜೋರಾಗಿ ಬಂದರೆ ಪಾಟಾವನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್, ಪಾಟಾದ ಬುಶ್, ಬ್ರೇಕ್ ಇವುಗಳ ಕಡೆ.

ಆಮೇಲೆ ಎಂಜಿನ್ ಆರಿಸಿ, ಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆಯ ತುಂಡು ಕೊಟ್ಟು, ಚಾವಿಯನ್ನು ನಿಮ್ಮ ಜೇಬಿನಲ್ಲಿಯೇ ಇಟ್ಟುಕೊಂಡು ಅಡಿಗೆ ಹೋಗಿ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಶಾಫ್ಟನ್ನು ಕೈಯಿಂದ ಎಡಕ್ಕೆ ಬಲಕ್ಕೆ ತಿರುಗಿಸಿ ಕ್ರಾಸ್‌ಗಳನ್ನು (ಶಾಫ್ಟಿನ ಬಾಗುವ ಕೀಲುಗಳಲ್ಲಿರುವ ಪ್ಲಸ್ ಆಕಾರದ ಭಾಗ) ಗಮನಿಸಿ. ಒಂದು ಕಡೆಯ ಯೋಕ್ (ಕ್ರಾಸನ್ನು ಹಿಡಿದಿರುವ ಕವಲು) ತಿರುಗಿ ಇನ್ನೊಂದು ಕಡೆಯದು ತಡವಾಗಿ ಹಿಂಬಾಲಿಸಿದರೆ ಆ ಕ್ರಾಸ್ ಸವೆದಿದೆ. ಕ್ರಾಸಿನ ತುದಿಗೆ ಕೂರುವ ಬೇರಿಂಗ್ ಕಪ್‌ನ ಸುತ್ತ ಇಟ್ಟಿಗೆ ಬಣ್ಣದ ಪುಡಿ ಕಂಡರೆ ಒಳಗೆ ಗ್ರೀಸ್ ಇಲ್ಲದೆ ತುಕ್ಕು ಹಿಡಿದಿದೆ ಎಂದೇ ತಿಳಿಯಿರಿ. ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿನ ಹತ್ತಿರ ಹಾರೆಯಿಂದ ಶಾಫ್ಟನ್ನು ಮೆಲ್ಲಗೆ ಎತ್ತಿ, ರಬ್ಬರ್ ಹರಿದಿದ್ದರೆ ಕಣ್ಣಿಗೇ ಕಾಣುತ್ತದೆ.

ಹೌಸಿಂಗಿನ ಫ್ಲ್ಯಾಂಜ್ (ಶಾಫ್ಟನ್ನು ಬೋಲ್ಟಿನಿಂದ ಬಿಗಿಯುವ ತಟ್ಟೆ) ತುಸು ಎಡಬಲಕ್ಕೆ ಆಡುವುದು ಸಹಜ. ಕ್ರೌನಿಗೂ ಪಿನಿಯನ್ನಿಗೂ ನಡುವೆ ಸಂದು ಇರಲೇಬೇಕು, ಇಲ್ಲದಿದ್ದರೆ ಬಿಸಿಯಾಗಿ ಹಲ್ಲು ತಿಂದುಹೋಗುತ್ತವೆ. ಅಷ್ಟು ಆಟವನ್ನೇ ತೋರಿಸಿ ಜೋಡಿ ಬದಲಿಸಬೇಕೆಂದು ಹೇಳುವುದು ನ್ಯಾಯವಲ್ಲ. ಫ್ಲ್ಯಾಂಜ್ ಮೇಲೆ ಕೆಳಗೆ ಅಲುಗಿದರೆ, ಇಲ್ಲವೇ ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಉಕ್ಕಿನ ಚೂರುಗಳು ಅಂಟಿಕೊಂಡಿದ್ದರೆ ಮಾತ್ರ ಆ ಕಡೆ ಹೋಗಿ. ಮಸಿಯಂಥ ನುಣ್ಣನೆಯ ಪುಡಿಗೆ ಹೆದರಬೇಕಾಗಿಲ್ಲ.

ಗ್ರೀಸ್ ಹೊಡೆಯುವುದಕ್ಕೂ ಕ್ರಮವಿದೆ. ಗ್ರೀಸ್ ಒಳಹೋಗುವ ನಿಪ್ಪಲ್ ಒರೆಸಿ, ಕ್ರಾಸಿನ ನಾಲ್ಕೂ ಸೀಲುಗಳಿಂದ ಹೊಸ ಗ್ರೀಸ್ ಹೊರಬರುವವರೆಗೆ ಹೊಡೆಯಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಒಣಗಿರುವುದು ಆ ಒಂದೇ. ಸ್ಲಿಪ್ ಜಾಯಿಂಟಿನ ತುದಿಯ ಮುಚ್ಚಳದಲ್ಲಿ ಸಣ್ಣ ತೂತು ಇದ್ದರೆ, ಅದರಿಂದ ಗ್ರೀಸ್ ಬರುವವರೆಗೆ ಹೊಡೆದು, ಆಮೇಲೆ ತೂತನ್ನು ಬೆರಳಿನಿಂದ ಒತ್ತಿ ಹಿಡಿದು ಮತ್ತೆ ಹೊಡೆಯಿರಿ. ಆಗ ಹಲ್ಲುಗಳ ಉದ್ದಕ್ಕೂ ಹರಿದು ಆ ಕಡೆಯ ಸೀಲಿನಲ್ಲಿ ಹೊರಬರುತ್ತದೆ. ಕ್ಲೀನರ್ ಹುಡುಗರು ಲೆಕ್ಕಕ್ಕೆ ಎರಡು ಸಲ ಒತ್ತಿ ಎದ್ದುಬಿಡುತ್ತಾರೆ. ಗ್ರೀಸ್ ಹಲ್ಲಿನವರೆಗೆ ಹೋಗಿರುವುದೇ ಇಲ್ಲ. ನಂಬರ್ 2 ಲಿಥಿಯಂ ಇ.ಪಿ. (ಹೆಚ್ಚು ಒತ್ತಡ ತಾಳುವ) ಗ್ರೀಸ್ ಸಾಕು.

ರಾಣೆಬೆನ್ನೂರಿನ ಚಾಲಕ

ಬಾಡಿಯನ್ನು ಚಾಸಿಗೆ ಬಿಗಿದಿರುವ ಕ್ಲ್ಯಾಂಪುಗಳನ್ನೂ ನೋಡಿ. ಸಡಿಲವಾಗಿದ್ದರೆ ಲೋಡು ಇದ್ದಾಗ ಬಾಡಿಯೇ ಮುಂದಕ್ಕೆ ಜರುಗಿ ಏಟು ಕೊಡುತ್ತದೆ. ಬಣ್ಣ ಉಜ್ಜಿಹೋಗಿ ಕಬ್ಬಿಣ ಹೊಳೆಯುತ್ತಿದ್ದರೆ ಅಲ್ಲಿ ಅಲುಗಾಟ ಇದೆ.

ಬ್ಯಾಡಗಿಯ ಲಾರಿ ಮಾಲಕ

ಮಿಸ್ತ್ರಿಯವರೇ, ನೀವು ಹೇಳಿದಂತೆ ನೋಡಿದೆವು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿದಾಗ ಏಟು ಇಲ್ಲವೆನ್ನುವಷ್ಟು ಕಡಿಮೆ. ಸ್ಲಿಪ್ ಜಾಯಿಂಟಿನ ನಿಪ್ಪಲ್ಲಿಗೆ ಮಣ್ಣು ಗಟ್ಟಿಯಾಗಿ ಗ್ರೀಸ್ ಒಳಗೆ ಹೋಗುತ್ತಲೇ ಇರಲಿಲ್ಲ. ಹೊಸ ನಿಪ್ಪಲ್ ಹಾಕಿ ಹೊಡೆದಾಗ ಮೊದಲು ಬಂದದ್ದು ಕಂದು ಬಣ್ಣದ ಗಟ್ಟಿ ಹೆಂಟೆ, ಆಮೇಲೆ ಹೊಸ ಗ್ರೀಸ್. ನಿಂತ ಮೇಲಿನ ಏಟು ಹೋಯಿತು. ನಿಮಗೆ ಮನಸಾರೆ ಧನ್ಯವಾದ. ಕ್ಲ್ಯಾಂಪುಗಳು ಬಿಗಿಯಾಗಿವೆ. ಹೊರಡುವಾಗ ಮಾತ್ರ ಇನ್ನೂ ಸಣ್ಣಗೆ ‘ಟಕ್’ ಎನ್ನುತ್ತದೆ. ಸೆಂಟರ್ ಬೇರಿಂಗಿನ ರಬ್ಬರ್ ಒಂದು ಬದಿಗೆ ಹರಿದಿದೆ. ಅದನ್ನು ಬದಲಿಸಿದರೆ ಸಾಕೆ?

ಹುಬ್ಬಳ್ಳಿಯ ಮಿಸ್ತ್ರಿ, ಗಬ್ಬೂರು ಬೈಪಾಸ್

ಬದಲಿಸಿ. ಶಾಫ್ಟ್ ಹೇಗೂ ಕೆಳಗಿಳಿಯುತ್ತದೆ, ಆಗ ಕ್ರಾಸ್‌ಗಳನ್ನು ಕೈಯಲ್ಲಿ ಮಡಚಿ ನೋಡಿ. ಎಲ್ಲಿಯಾದರೂ ಹಿಡಿದುಕೊಂಡರೆ ಅದನ್ನೂ ಈಗಲೇ ಹಾಕಿಸಿಬಿಡಿ. ಸ್ಲಿಪ್ ಜಾಯಿಂಟಿನ ಹಲ್ಲುಗಳನ್ನೂ ನೋಡಿ, ಒಣಗಿ ಓಡಿರುವುದರಿಂದ ಸವೆದಿರಬಹುದು. ಬಿಚ್ಚುವ ಮೊದಲು ಜಾಯಿಂಟಿನ ಎರಡೂ ಭಾಗಗಳ ಮೇಲೆ ಹಾದುಹೋಗುವಂತೆ ಬಿಳಿ ಬಣ್ಣದಲ್ಲಿ ಒಂದೇ ಗೆರೆ ಎಳೆಯಿರಿ, ಕೂಡಿಸುವಾಗ ಆ ಗೆರೆ ಸೇರಲೇಬೇಕು. ಹಲ್ಲು ತಪ್ಪಿ ಕೂತರೆ ಎರಡು ಕಡೆಯ ಯೋಕ್‌ಗಳು ಒಂದೇ ನೇರಕ್ಕೆ ಬರುವುದಿಲ್ಲ, ಆಗ ಹೆದ್ದಾರಿಯ ವೇಗದಲ್ಲಿ ಇಡೀ ಗಾಡಿ ಅದುರುತ್ತದೆ, ಹೊಸ ಬೇರಿಂಗ್ ಕೂಡ ಬೇಗ ಹೋಗುತ್ತದೆ. ಫ್ಲ್ಯಾಂಜ್ ಬೋಲ್ಟುಗಳನ್ನು ಮೊದಲ ಲೋಡು ಹುಬ್ಬಳ್ಳಿಗೆ ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿಸಿ.